ಚಾವಡಿಯಲ್ಲಿ ಅತ್ತ ಫ್ರೆಂಚ್ ಹೆಂಗಸು

ಅರ್ಥವಾಗದ ಭಾಷೆಯ ಹಾಡಿಗೆ ಕಣ್ಣೀರು ಹಾಕುವುದರಲ್ಲಿ ಒಂದು ಅನುಕೂಲವಿದೆ. ಯಾರ ದುಃಖಕ್ಕೆ ಅಳುತ್ತಿದ್ದೀರಿ ಎಂದು ಯಾರೂ ಲೆಕ್ಕ ಕೇಳುವುದಿಲ್ಲ. ಉಡುಪಿಯಿಂದ ಅಮ್ಮನ ಕ್ಯಾಸೆಟ್ ಬರುವವರೆಗೆ ನಾನು ಹಾಗೆಂದೇ ನಂಬಿದ್ದೆ.

ಎಂಬತ್ತರ ದಶಕದ ಮಾತು. ಕೊಲ್ಲಿ ದೇಶದ ರೂವಿ ಎಂಬ ಊರಿನ ಒಂದು ಕಂಪೆನಿಯಲ್ಲಿ ನಾನು ಟೈಪಿಸ್ಟ್. ಮದುವೆಯ ರಜೆ ಮುಗಿದು, ಹೆಂಡತಿ ಶಾರದೆಯನ್ನು ಅಮ್ಮನ ಬಳಿ ಬಿಟ್ಟು ವಿಮಾನ ಹತ್ತಿದ್ದೆ. ಅವಳ ವೀಸಾದ ಅರ್ಜಿ ಕಫೀಲನ, ಅಂದರೆ ಸಹಿ ಹಾಕಬೇಕಾದ ಅರಬ್ ಧಣಿಯ, ಮೇಜಿನ ಮೇಲೆ ಸುಖವಾಗಿ ನಿದ್ದೆ ಹೊಡೆಯುತ್ತಿತ್ತು. ನನ್ನ ಮುಖ ನೋಡಿ ಕನಿಕರಪಟ್ಟ ಫ್ರೆಂಚ್ ಇಂಜಿನಿಯರ್ ಪಿಯರ್ ಸಾಹೇಬರು ತಮ್ಮ ಊರಿನ ಹಳೆಯ ಹಾಡುಗಳ ಕ್ಯಾಸೆಟ್ ಕೊಟ್ಟರು. ಅದರಲ್ಲಿ ಒಬ್ಬ ಹೆಂಗಸು ಹಾಡುತ್ತಾ ಹಾಡುತ್ತಾ ಮಾತಿಗಿಳಿಯುತ್ತಾಳೆ, ಮಾತಾಡುತ್ತಾ ಬಿಕ್ಕುತ್ತಾಳೆ. ಕೈಗೆ ಬಂದ ಪ್ರೀತಿ ಜಾರಿ ಹೋಯಿತು ಎಂದು ತಿಳಿಯಲು ನಿಘಂಟು ಬೇಕೇ? ಗಂಜಿ ಉಣ್ಣುತ್ತಾ ಕೇಳುತ್ತಿದ್ದೆ. ಗಂಜಿಗೆ ಬೇರೆ ಉಪ್ಪು ಬೇಕಾಗುತ್ತಿರಲಿಲ್ಲ.

ಆಗ ಫೋನು ದುಬಾರಿ. ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುವುದು ನಮ್ಮೆಲ್ಲರ ರೂಢಿ. ಒಂದು ಶುಕ್ರವಾರ ಮಧ್ಯಾಹ್ನ ಮಂಗಳೂರಿನ ಗೆಳೆಯ ಡಿಸೋಜ ಬಾಗಿಲಲ್ಲಿ ನಿಂತ. "ಸಂಜೆ ನನ್ನ ಫ್ಲೈಟು. ಕ್ಯಾಸೆಟ್ ಉಂಟಾದರೆ ಕೊಡು ಮಾರಾಯ, ಯಲ್ಲಾ, ಬೇಗ!" ಅಂಗಡಿಗಳು ಮುಚ್ಚಿದ್ದವು. ಹಾಡು ಅಳಿಸದಂತೆ ಫ್ರೆಂಚ್ ಕ್ಯಾಸೆಟ್ಟಿನ ಅಂಚಿನಲ್ಲಿ ಬಿಟ್ಟಿದ್ದ ತೂತಿಗೆ ಸೆಲ್ಲೋಟೇಪ್ ಅಂಟಿಸಿ ಹಾಡಿನ ಮೇಲೆಯೇ ರೆಕಾರ್ಡ್ ಮಾಡಿದೆ. ಆರೋಗ್ಯ, ತಲುಪಿದ ಹಪ್ಪಳ, ಸೋರುವ ಮಾಡಿನ ಹಂಚು. ಕೊನೆಗೆ ಶಾರದೆಗೆಂದು ಗಂಟಲು ಸರಿಮಾಡಿ, "ಇಲ್ಲಿ ನಾನು ಒಬ್ಬನೇ, ರೂಮಿನಲ್ಲಿ ಬೇರೆ ಯಾರೂ ಇಲ್ಲ" ಎಂದು ಬಟನ್ ಒತ್ತಿ ನಿಲ್ಲಿಸಿದೆ.

ನಿಲ್ಲಿಸಿದ ಮೇಲೆ ಟೇಪಿನಲ್ಲಿ ಏನು ಉಳಿದಿರುತ್ತದೆಂದು ಯೋಚಿಸುವ ಬುದ್ಧಿ ಇದ್ದಿದ್ದರೆ ನಾನು ಟೈಪಿಸ್ಟಾಗಿ ಯಾಕೆ ಇರುತ್ತಿದ್ದೆ? ನೆರೆಕರೆಯವರೆಲ್ಲ ಕಿವಿಗೊಟ್ಟು ಕೂತ ಊರಿನ ಮನೆಯ ಚಾವಡಿಯಲ್ಲಿ "ಬೇರೆ ಯಾರೂ ಇಲ್ಲ" ಎಂಬ ನನ್ನ ಮಾತು, ಟಕ್ ಎಂಬ ಸದ್ದು, ಹಿಂದೆಯೇ ಹೆಣ್ಣಿನ ಬಿಕ್ಕಳಿಕೆ!

ಅಮ್ಮನ ಉತ್ತರ ಬಂತು. "ಮಗಾ, ಆ ಹೆಂಗಸು ಯಾರು? ನಿನ್ನ ರೂಮಿನಲ್ಲಿ ಎಂತಕ್ಕೆ ಅಳುವುದು? ಹಿಂದೆ ಹಾರ್ಮೋನಿಯಂ ಬಾರಿಸುವವ ಅವಳ ಅಣ್ಣನಾ? ಇಬ್ಬರಿಗೂ ಊಟ ಹಾಕಿದ್ದೀಯಾ?" ಶಾರದೆಯ ಸರದಿಗೆ ಬರೀ ಟೇಪಿನ ಸುಯ್ ಎಂಬ ಶಬ್ದ. ಹೊಸ ಹೆಂಡತಿ ತವರಿಗೆ ಹೋಗಿ ಕೂತರೆ ಗತಿ ಏನು?

ಪಿಯರ್ ಸಾಹೇಬರ ಕಾಲಿಗೆ ಬಿದ್ದೆ. "ಇದು ಹಾಡು ಎಂದು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ ಸಾಕು" ಎಂದೆ. ರೆಕಾರ್ಡರ್ ಕಂಡದ್ದೇ ಸಾಹೇಬರು ಭಾವುಕರಾದರು. "ಇದು ಬರೀ ಹಾಡಲ್ಲ, ಬದುಕು! ಅವನು ಹೇಳದೆ ಹೋದ. ಅವಳು ಇನ್ನೂ ಬಂದರಿನಲ್ಲಿ ಕಾಯುತ್ತಿದ್ದಾಳೆ" ಎಂದು ಕಣ್ಣೊರೆಸಿಕೊಂಡರು. ಬೇರೆ ದಾರಿಯಿಲ್ಲದೆ ಅದನ್ನೇ ಕಳಿಸಿದೆ. ಊರಿನ ನಿವೃತ್ತ ಹೆಡ್‌ಮಾಸ್ತರರು ಅದನ್ನು ಚಾವಡಿಗೆಲ್ಲ ಕನ್ನಡದಲ್ಲಿ ವಿವರಿಸಿದರಂತೆ. ಹೇಳದೆ ಹೋದವನು ಯಾರೆಂದು ಯಾರಿಗೂ ಅನುಮಾನ ಉಳಿಯಲಿಲ್ಲ.

ಮುಂದಿನ ಕ್ಯಾಸೆಟ್ಟಿನಲ್ಲಿ ಅಮ್ಮ, "ಪಾಪದ ಹೆಂಗಸು, ಬಂದರಿನಿಂದ ಮನೆಗೆ ಕರೆದುಕೊಂಡು ಬಾ" ಎಂದಿದ್ದಳು. ಕೊನೆಗೆ ಶಾರದೆಯ ದನಿ ಕೇಳಿತು. "ನಾನು ಅವಳನ್ನು ನೋಡ್ಬೇಕು. ವೀಸಾ ಕಳಿಸಿ."

ಕಫೀಲನೆದುರು ನಡೆದದ್ದನ್ನೆಲ್ಲ ಹೇಳಿಕೊಂಡೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, "ಖಲಾಸ್" ಎಂದು ಅರ್ಜಿಗೆ ಸಹಿ ಹಾಕಿದ.

ಶಾರದೆ ಬಂದವಳೇ ಮಂಚದ ಕೆಳಗೆ ಬಗ್ಗಿ ನೋಡಿದಳು, ಬಾತ್‌ರೂಮು ತೆರೆದು ನೋಡಿದಳು. ಆಮೇಲೆ ಊರಿಂದ ತಂದ ಆ ಮೊದಲ ಕ್ಯಾಸೆಟ್ ಹಾಕಿ ಪೂರ್ತಿ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂದಿನಿಂದ ಪ್ರತಿ ಶುಕ್ರವಾರ ಅವಳಿಗೆ ಆ ಹೆಂಗಸು ಬೇಕು. ನನ್ನ ಮಾತಿರುವ ಭಾಗವನ್ನು ಮಾತ್ರ ಮುಂದಕ್ಕೆ ಓಡಿಸಿಬಿಡುತ್ತಾಳೆ.

"ಅವ ಯಾಕೆ ಬಿಟ್ಟು ಹೋದ ಅಂತ ಸುರುವಿಗೇ ಹಾಡಿದ್ದಳೋ ಏನೋ. ನೀವು ಹಪ್ಪಳದ ಸುದ್ದಿ ಹೇಳಿ ಅಳಿಸಿ ಹಾಕಿದಿರಿ" ಎಂದು ಈಗಲೂ ಬಯ್ಯುತ್ತಾಳೆ. ಸಮಾಧಾನ ಹೇಳಲು ಬಾಯಿ ತೆರೆದರೆ, "ಶ್!" ಅವರಿಬ್ಬರೂ ಸೇರಿ ಅಳುತ್ತಾರೆ. ರೂಮಿನಲ್ಲಿ ಈಗ ನಿಜಕ್ಕೂ ನಾನು ಒಬ್ಬನೇ.