ಮಾಡು ಹಾರಿದ ಫೋಟೋ ಬೇಕಿತ್ತು

ಒಳ್ಳೆಯ ಕೆಲಸಕ್ಕೆ ಹೊರಟರೆ ನನಗೆ ಆಗುವುದೇ ಹೀಗೆ. ಮೆಲ್ಕಾರಿನಲ್ಲಿ ಪಾಠ ಮಾಡಿಕೊಂಡು ಸುಮ್ಮನಿರಬಹುದಿತ್ತು. ನಮ್ಮ ಕಡೆ ಮನೆಗಳ ಮಾಡನ್ನು ಹೆಂಚು ಸಮೇತ ಹಾರಿಸಿದ ಆ ವರ್ಷದ ಬಿರುಗಾಳಿಯ ಬಗ್ಗೆ ಅಂತರ್ಜಾಲದ ವಿಶ್ವಕೋಶಕ್ಕೆ ಮೂರು ತಿಂಗಳು ಕೂತು ಲೇಖನ ಬರೆದೆ. "ಶನಿವಾರದೊಳಗೆ ಹಾನಿಯ ಒಂದು ಫೋಟೋ ಕೊಡಿ, ಇಲ್ಲದಿದ್ದರೆ ಮುಖಪುಟಕ್ಕೆ ಇಲ್ಲ" ಅಂದರು ಸಂಪಾದಕರು. ಅದೂ ಹೇಗೆ? 'ಯಾರು ಬೇಕಾದರೂ ಕೇಳದೆ ಬಳಸಬಹುದು' ಅಂತ ಫೋಟೋ ತೆಗೆದವರೇ ಸಹಿ ಹಾಕಬೇಕಂತೆ! ನನ್ನಲ್ಲಿ ಕ್ಯಾಮೆರಾವೇ ಇಲ್ಲ.

೧. ಪಾಣೆಮಂಗಳೂರು

ಬಟ್ಟೆ ಅಂಗಡಿಯ ಸಾಹೇಬರಲ್ಲಿ ಗಲ್ಫಿನಿಂದ ತಂದ ಕ್ಯಾಮೆರಾ ಉಂಟು. ತಮ್ಮ ಅಂಗಡಿಯ ಶೀಟು ಹಾರಿದ ಫೋಟೋ ತೋರಿಸಿದರು, ಬಹಳ ಚಂದ ಬಂದಿತ್ತು. ಒಪ್ಪಿಗೆ ಪತ್ರ ಮುಂದಿಟ್ಟೆ.

"ಯಾರು ಬೇಕಾದರೂ ಅಂದರೆ ಎದುರಿನ ಅಂಗಡಿಯವನೂವಾ?"

"ಹೌದು, ಅವರೂ."

"ಅವನನ್ನು ಬಿಟ್ಟು ಅಂತ ಬರೆಯಿರಿ, ಈಗಲೇ ಸಹಿ ಹಾಕ್ತೇನೆ."

ಗಂಟಲು ಒಣಗುವವರೆಗೆ ನಿಯಮ ವಿವರಿಸಿದೆ. ಲಿಂಬೆ ಶರಬತ್ತು ಕೊಟ್ಟರು, ಸಹಿ ಕೊಡಲಿಲ್ಲ.

೨. ಗುರುವಾಯನಕೆರೆ

ಇಲ್ಲಿ ಹೋಟೆಲಿನ ಯಜಮಾನರ ಮನೆಯ ಅರ್ಧ ಮಾಡೇ ಹಾರಿತ್ತು. ಅವರು ಕೂಡಲೇ ಸಹಿ ಹಾಕಿ, ಫೋಟೋವನ್ನು ಲಕೋಟೆಯಲ್ಲಿಟ್ಟು ಕೊಟ್ಟರು. ಬಸ್ಸಿನಲ್ಲಿ ತೆರೆದು ನೋಡುತ್ತೇನೆ, ಗೃಹಪ್ರವೇಶದ ಫೋಟೋ! ಇಳಿದು ವಾಪಸು ಓಡಿದೆ.

"ಮಗಳಿಗೆ ಗಂಡು ನೋಡ್ತಾ ಇದ್ದೇವೆ ಮಾರಾಯ್ರೇ. ಮಾಡಿಲ್ಲದ ಮನೆಯನ್ನು ಲೋಕಕ್ಕೆಲ್ಲ ತೋರಿಸುವುದಾ? ಮನೆ ಅದೇ ಅಲ್ವಾ? ಗಾಳಿ ಬಂದದ್ದನ್ನು ಕೆಳಗೆ ಬರೆಯಿರಿ, ಸಾಕು!"

೩. ಮೂಡುಬಿದಿರೆ

ಇಲ್ಲಿಯ ಸ್ಟುಡಿಯೋದವರು ಪುಣ್ಯಾತ್ಮರು. ತಮ್ಮ ಮನೆಯದ್ದೇ ಫೋಟೋ: ಹೆಂಚು ಪುಡಿಪುಡಿ, ಮಾಡಿನ ಮೇಲೆ ತೆಂಗಿನ ಮರ ಅಡ್ಡ. ತಕರಾರಿಲ್ಲದೆ ಸಹಿ ಹಾಕಿದರು. "ಶನಿವಾರ ಬನ್ನಿ, ಪ್ರಿಂಟ್ ಮಾಡಿಡ್ತೇನೆ" ಅಂದರು. ನಾನೊಬ್ಬ ಪೆದ್ದ, ಪತ್ರವನ್ನೂ ಅಲ್ಲೇ ಬಿಟ್ಟು ಬಂದೆ. ಅವರು ಅದನ್ನು ಅಂಗಡಿಯ ಗಾಜಿಗೆ ಅಂಟಿಸಿಬಿಟ್ಟಿದ್ದರು!

ಶನಿವಾರ ಹೋದರೆ ಅಲ್ಲಿ ಗ್ರಾಮಕರಣಿಕರು ಕೂತಿದ್ದಾರೆ. ಕೈಯಲ್ಲಿ ಗಾಳಿಹಾನಿ ಪರಿಹಾರದ ಹನ್ನೊಂದು ಅರ್ಜಿ. ಹನ್ನೊಂದು ಬೇರೆ ಬೇರೆ ಮನೆಯವರದ್ದು, ಫೋಟೋ ಮಾತ್ರ ಒಂದೇ.

"ನಾನೇನು ಮಾಡುವುದು?" ಅಂದರು ಸ್ಟುಡಿಯೋದವರು. "ಎಲ್ಲರೂ ಪತ್ರ ಓದಿಯೇ ಪ್ರಿಂಟ್ ತಕೊಂಡು ಹೋದದ್ದು. ಬರೆದು ತಂದದ್ದು ಈ ಮಾಸ್ಟ್ರು."

ಗ್ರಾಮಕರಣಿಕರು ನನ್ನ ಪ್ರಿಂಟು, ನೆಗೆಟಿವ್, ಪತ್ರ ಎಲ್ಲವನ್ನೂ ಫೈಲಿಗೆ ಸೇರಿಸಿ ದಾರ ಬಿಗಿದರು. ನನಗೆ ಅಳುವೇ ಬಂತು.

"ಸ್ವಾಮೀ, ಒಂದು ಪ್ರಿಂಟಾದರೂ ಕೊಡಿ! ಇವತ್ತೇ ಕಡೆಯ ದಿನ!"

ಅವರು ಕನ್ನಡಕ ಕೆಳಗಿಳಿಸಿ ನನ್ನನ್ನೇ ನೋಡಿದರು.

"ಯಾಕೆ ಮಾಸ್ಟ್ರೇ, ನಿಮ್ಮ ಮನೆಯ ಮೇಲೂ ಇದೇ ಮರ ಬಿದ್ದದ್ದಾ?"