ಅರ್ಧ ಗಂಟೆಗೆ ಹತ್ತು ‘ಇದೆ’

ಚೀಟಿ ಎತ್ತಿದವಳು ಫೂಲ್ಮತಿ, ಸಿಕ್ಕಿಬಿದ್ದವನು ಸಾಕಿಯುಸ.

ಶನಿವಾರ ಬೆಳಿಗ್ಗೆಯೇ ರಾಜಧಾನಿ ಸುವಾದವಳಾದ ಲಿಟಿಯಾ ಎಂಬ ಹುಡುಗಿ ಹತ್ತು ಪ್ರಶ್ನೆಗಳ ಹಾಳೆ ಹಿಡಿದು ಲೌಟೋಕಾದ ಆ ಬಟ್ಟೆ ಕಾರ್ಖಾನೆಗೆ ಬಂದಿದ್ದಳು. ಯಾರ ಕೆಲಸ ಎಷ್ಟು ಚೆನ್ನಾಗಿದೆ, ಯಾರಿಗೆ ಏನು ಕೊರತೆ ಎಂದು ದೇಶವಿಡೀ ಅಳೆಯುತ್ತಿದ್ದರಂತೆ. ಒಂದೊಂದು ಕೆಲಸದ ಜಾಗದಲ್ಲೂ ಚೀಟಿಯಲ್ಲಿ ಹೆಸರು ಬಂದ ಒಬ್ಬರನ್ನು ಕೇಳುವುದು. ಮೂರು ‘ಇಲ್ಲ’ ಬಂದರೆ ಅದು ಕೊರತೆಯ ಕೆಲಸ. ಮೇಲಿನವರು ಬಂದು ಸರಿಪಡಿಸಬೇಕು.

“ಮೂರು ಯಾಕೆ, ಹತ್ತಕ್ಕೂ ಇಲ್ಲ ಅನ್ನು,” ಎಂದಳು ಫೂಲ್ಮತಿ. ಇಸ್ತ್ರಿ ವಿಭಾಗದಲ್ಲಿ ನಿಂತು ನಿಂತೇ ಅವಳ ಕಾಲುಗಳು ಹಲಸಿನ ದಿಮ್ಮಿಗಳಂತೆ ಊದಿದ್ದವು. “ಮೊದಲು ಕುರ್ಚಿ ಕೇಳೋ, ತಮ್ಮಾ.”

“ಕಕ್ಕಸಿನ ಬಾಗಿಲು ಮರೀಬೇಡ,” ಎಂದ ಜೊತೆಗಾರ ಟೊಮಾಸಿ. “ಕೀಲು ಕಿತ್ತು ಮೂರು ತಿಂಗಳಾಯ್ತು. ಒಳಗೆ ಕೂತು ಹಾಡ್ತಾ ಇರಬೇಕು.”

ಸಾಕಿಯುಸ ತಲೆಯಾಡಿಸಿದ. ಅಷ್ಟರಲ್ಲಿ ಮ್ಯಾನೇಜರ್ ಹರ್ಷದ್ ಭಾಯಿ ಅವನನ್ನು ಬಟ್ಟೆಯ ಗಂಟುಗಳ ಹಿಂದಕ್ಕೆ ಎಳೆದುಕೊಂಡ.

“ಏನು ಕೇಳಿದ್ರೂ ‘ಇದೆ’ ಅನ್ನು. ಕೊರತೆ ಅಂತ ಬರೆದ್ರೆ ಸಿಡ್ನಿಯವರ ಆರ್ಡರ್ ತಪ್ಪಿಹೋಗತ್ತೆ. ಹೇಳು, ನಿನಗೇನು ಬೇಕು?”

ಸಾಕಿಯುಸನಿಗೆ ಯೋಚಿಸಬೇಕಾಗಲೇ ಇಲ್ಲ. “ಅರ್ಧ ಗಂಟೆ, ಭಾಯಿ.”

ಅವನ ಹೆಂಡತಿ ಮೆರೆಯೋನಿ ಎದುರಿನ ದ್ವೀಪದ ಹೋಟೆಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಶನಿವಾರ ಇಬ್ಬರ ಕೆಲಸವೂ ಮುಗಿಯುವುದು ಹನ್ನೆರಡಕ್ಕೆ. ಎರಡು ದಡಗಳಿಂದಲೂ ದೋಣಿ ಬಿಡುವುದೂ ಹನ್ನೆರಡಕ್ಕೇ. ಅದು ತಪ್ಪಿದರೆ ಭಾನುವಾರ ಸಂಜೆಯದೇ. ಅದರಲ್ಲಿ ಹೋದರೆ ಸೋಮವಾರ ಕೆಲಸ ತಪ್ಪುತ್ತದೆ. ಹೀಗೇ ಐದು ತಿಂಗಳು ಕಳೆದಿದ್ದವು. ಸಂಜೆ ದೋಣಿ ನಿಲ್ಲುವ ಜೆಟ್ಟಿಯಲ್ಲಿ ನಿಂತು ದೂರದ ಒಂದು ದೀಪವನ್ನು ಅವನು ಅವಳದೆಂದು ಗುರುತಿಟ್ಟುಕೊಂಡಿದ್ದ. ಅದು ಜನರೇಟರ್ ಕೋಣೆಯದೆಂದು ಟೊಮಾಸಿ ಹೇಳಿದ ಮೇಲೂ ಅದನ್ನೇ ನೋಡುತ್ತಿದ್ದ.

“ಇಷ್ಟೇನಾ? ಹನ್ನೊಂದೂವರೆಗೆ ಹೊರಡು,” ಎಂದ ಭಾಯಿ.

ಆಫೀಸಿನ ಎರಡು ಕುರ್ಚಿಗಳಲ್ಲಿ ಲಿಟಿಯಾ ಮತ್ತು ಭಾಯಿ ಕುಳಿತರು. ಸಾಕಿಯುಸ ನಿಂತ.

“ಕೆಲಸದ ವೇಳೆ ಕೂರೋಕೆ ಜಾಗ ಇದೆಯಾ?”

“ಇದೆ,” ಎಂದ ಸಾಕಿಯುಸ, ಕಾಲು ಬದಲಿಸುತ್ತ.

“ಗಾಳಿ?”

“ಇದೆ.” ಮೂಗಿನ ತುದಿಯಿಂದ ಒಂದು ಹನಿ ಬೆವರು ಹಾಳೆಯ ಮೇಲೆ ಬಿತ್ತು.

“ಬಾಗಿಲಿರೋ ಕಕ್ಕಸು?”

“ಇ—”

ಧಡ್ ಎಂದು ಸದ್ದಾಯಿತು. ಟೊಮಾಸಿ ಕಕ್ಕಸಿನ ಬಾಗಿಲನ್ನು ತಲೆಯ ಮೇಲೆ ಹೊತ್ತು ಒಳಗೆ ಬಂದಿದ್ದ. “ಬಾಗಿಲೇನೋ ಇದೆ, ಮೇಡಂ. ಎಲ್ಲಿಡ್ಲಿ ಅಂತ ಇವನನ್ನೇ ಕೇಳಿ.”

ಲಿಟಿಯಾ ಪೆನ್ನು ಎತ್ತಿ ಸಾಕಿಯುಸನ ಮುಖ ನೋಡಿದಳು. ಕಿಟಕಿಯಾಚೆ ಫೂಲ್ಮತಿಯ ಮುಖವೂ ಇತ್ತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು.

“ಬಣ್ಣ ಹಚ್ಚೋಕೆ ತೆಗೆದಿದ್ದಾರೆ,” ಎಂದ ಸಾಕಿಯುಸ, ನೆಲ ನೋಡುತ್ತ.

ಉಳಿದ ಏಳಕ್ಕೂ ಅವನು ‘ಇದೆ’ ಎಂದ. ಲಿಟಿಯಾ ಹಾಳೆ ಮಡಚಿದಳು. “ಆಶ್ಚರ್ಯ! ನಿನ್ನೆ ದ್ವೀಪದ ಹೋಟೆಲಲ್ಲಿ ಬಟ್ಟೆ ಒಗೆಯೋ ಮೆರೆಯೋನಿ ಅನ್ನೋರು ಕೂಡ ಹತ್ತಕ್ಕೆ ಹತ್ತೂ ಇದೆ ಅಂದ್ರು.”

ಬಾಗಿಲ ಕಡೆ ಹೊರಟಿದ್ದ ಸಾಕಿಯುಸ ನಿಂತ. ಹಾಗಾದರೆ ಅವಳಿಗೆ ಅಲ್ಲಿ ಯಾವ ಕೊರತೆಯೂ ಇಲ್ಲ. ತಾನಿಲ್ಲದ್ದು ಕೂಡ ಕೊರತೆಯಲ್ಲವೇ?

ಹೊರಗೆ ಫೂಲ್ಮತಿ ದಾರಿಗೆ ಅಡ್ಡ ನಿಂತಿದ್ದಳು. ಗಂಟುಗಳ ಹಿಂದಿನ ಮಾತು ಅವಳ ಕಿವಿಗೂ ಬಿದ್ದಿತ್ತು. “ಹೋಗಪ್ಪಾ, ಹೆಂಡ್ತಿ ಮುಖ ನೋಡು. ನಮ್ಮ ಕಾಲು ನೋಡ್ಬೇಡ.”

ಅವನು ಅವಳನ್ನು ಬಳಸಿಕೊಂಡು ಹೊರಬಿದ್ದ. ಮೆರೆಯೋನಿಗೆ ಇಷ್ಟವೆಂದು ನಾಲ್ಕು ರೊಟ್ಟಿ ಸುರುಳಿ ಕಟ್ಟಿಸಿಕೊಂಡು ಜೆಟ್ಟಿಗೆ ಓಡಿದ. ಫೋನು ಮಾಡಲಿಲ್ಲ. ಕೆಲಸದ ಹೊತ್ತಿನಲ್ಲಿ ಹೋಟೆಲಿನವರು ಅವಳ ಫೋನು ಕಿತ್ತಿಟ್ಟುಕೊಳ್ಳುತ್ತಿದ್ದರು. ಅಲ್ಲದೆ ಬಾಗಿಲಲ್ಲಿ ತನ್ನನ್ನು ಕಂಡಾಗ ಅವಳ ಮುಖ ಹೇಗಾಗುತ್ತದೆಂದು ಅವನಿಗೆ ನೋಡಬೇಕಿತ್ತು. ಹಲಗೆ ಎಳೆಯುವಷ್ಟರಲ್ಲಿ ಹಾರಿ ದೋಣಿ ಹತ್ತಿದ. ಒಂದು ಚಪ್ಪಲಿ ಲೌಟೋಕಾದಲ್ಲೇ ಉಳಿಯಿತು.

ನಡುಗಡಲಿನಲ್ಲಿ ದ್ವೀಪದಿಂದ ಬರುವ ದೋಣಿ ಎದುರಾಯಿತು. ಎರಡು ದೋಣಿಗಳೂ ಹಾರ್ನ್ ಹೊಡೆದು, ವೇಗ ತಗ್ಗಿಸಿ ಪಕ್ಕಕ್ಕೆ ಬಂದವು. ಆ ದೋಣಿಯ ಕಂಬಿ ಹಿಡಿದು, ಒಂದು ಕೈಯಲ್ಲಿ ಸುಟ್ಟ ಮೀನಿನ ಗೊಂಚಲು ತೂಗುಹಾಕಿಕೊಂಡು ಒಬ್ಬ ಹೆಂಗಸು ನಿಂತಿದ್ದಳು.

“ಮೆರೆಯೋನಿ!”

“ಸಾಕೀ! ಅಯ್ಯೋ, ನೀನೆಲ್ಲಿಗೋ?”

“ನಿನ್ನ ಹತ್ರಾನೇ! ನೀನು?”

“ನಿನ್ನ ಹತ್ರ! ಎಲ್ಲದಕ್ಕೂ ‘ಇದೆ’ ಅಂದ್ರೆ ಅರ್ಧ ಗಂಟೆ ಮುಂಚೆ ಬಿಡ್ತೀವಿ ಅಂದ್ರು ಕಣೋ! ಬಾಯ್ತುಂಬ ಸುಳ್ಳು ಹೇಳಿಬಂದೆ!”

ಸಾಕಿಯುಸ ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ. ರೊಟ್ಟಿ ಸುರುಳಿಯ ಪೊಟ್ಟಣವನ್ನು ಮೇಲೆತ್ತಿ ತೋರಿಸಿದ. ಅವಳು ಮೀನು ತೋರಿಸಿದಳು. ನಡುವೆ ನೀರು ಅಗಲವಾಗತೊಡಗಿತು.

“ವಾಪಸ್ ಯಾವಾಗ?” ಎಂದು ಅವನು ಕೂಗಿದ.

“ನಾಳೆ ಸಂಜೆ ದೋಣಿಗೆ! ನೀನು?”

“ನಾನೂ ಅದಕ್ಕೇ!”

ಅವಳು ಮೀನಿನ ಗೊಂಚಲು ಕೆಳಗಿಳಿಸಿದಳು. ಆಮೇಲೆ ಅವಳ ದನಿ ಗಾಳಿಯಲ್ಲಿ ಸಣ್ಣದಾಗಿ ತೇಲಿಬಂತು: “ಹಾಗಾದ್ರೆ ನಾಳೇನೂ ಇದೇ ಬದಿಗೆ ನಿಂತ್ಕೋ!”

ದೋಣಿಯಲ್ಲಿ ಸಾಲು ಸಾಲು ಕುರ್ಚಿಗಳು ಖಾಲಿಯಿದ್ದವು. ಸಾಕಿಯುಸ ಒಂಟಿ ಚಪ್ಪಲಿಯಲ್ಲಿ, ಕಂಬಿ ಹಿಡಿದು, ದಡ ಮುಟ್ಟುವವರೆಗೂ ನಿಂತೇ ಇದ್ದ.