ಒಂಟಿ ಸೀನು

ಮಾನ್ಯ ವಾಚಕ ಮಹಾಶಯರೇ, ಮಾನವನ ಅಂಗಗಳಲ್ಲಿ ವಿದ್ಯೆಯನ್ನು ಅತಿ ಶೀಘ್ರವಾಗಿ ಗ್ರಹಿಸಿ, ಗ್ರಹಿಸಿದ್ದನ್ನು ಅತಿ ನಿಷ್ಠೆಯಿಂದ ಪಾಲಿಸುವ ಅಂಗ ಯಾವುದೆಂದು ತಾವು ಎಂದಾದರೂ ಪರ್ಯಾಲೋಚಿಸಿರುವಿರೋ ಇಲ್ಲವೋ ನಾನರಿಯೆ. ತಲೆಯೆಂದು ತಾವು ಉತ್ತರಿಸುವುದಾದರೆ, ಬ್ಯಾಡಗಿಯ ರುದ್ರಮುನಿಯ ಮೂಗಿನ ಸಂಗತಿ ತಮ್ಮ ಕಿವಿಗೆ ಬಿದ್ದಿಲ್ಲವೆಂದೇ ಅರ್ಥ.

ರುದ್ರಮುನಿ ಶೇಖಪ್ಪನವರ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಶೇಖಪ್ಪನವರು ಪರಮ ದೈವಭಕ್ತರು. ಚೀಲದ ಬಾಯಿ ಬಿಚ್ಚುವ ಮುನ್ನ ಪೂಜೆಯ ಗಂಟೆ ಬಾರಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಗಂಟೆ ಆಗುವುದು, ಚೀಲ ಸುರಿಯುವುದು, ಕೆಂಪು ದೂಳು ಏಳುವುದು, ರುದ್ರಮುನಿ ಸೀನುವುದು. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು, ನಿಜ; ಆದರೆ ಮೂಗಿಗೆ ಬಣ್ಣ ಕಾಣಿಸುವುದಿಲ್ಲ. ಹೀಗೆ ಕೆಲವು ವರ್ಷ ಸಂದ ಮೇಲೆ ಆ ಮೂಗು ಚೀಲಕ್ಕಾಗಿ ಕಾಯುವುದನ್ನೇ ಬಿಟ್ಟಿತು. ಶಾಲೆಯ ಗಂಟೆಗೂ ಸೀನು, ಗುಡಿಯ ಗಂಟೆಗೂ ಸೀನು. ಅದೂ ಒಂದೇ ಒಂದು, ತೋಪು ಹಾರಿಸಿದಂತೆ.

ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂಬುದು ನಮ್ಮ ಕಡೆ ಎಲ್ಲರೂ ಬಲ್ಲದ್ದು. ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಹಾಲೇಶಪ್ಪನವರು ಇದನ್ನು ಬಲ್ಲವರಷ್ಟೇ ಅಲ್ಲ, ಇದರಂತೆ ಬದುಕುವವರು. ಹಲ್ಲಿ ಲೊಚಗುಟ್ಟಿತೆಂದು ಒಳ್ಳೆಯ ಸಂಬಂಧವೊಂದನ್ನು ಹೊಸ್ತಿಲಿನಿಂದಲೇ ಹಿಂದಕ್ಕೆ ಕಳಿಸಿದವರು. ಅವರ ಮಗಳು ಭುವನಾ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ಹುಡುಗಿ. ಅವಳೂ ರುದ್ರಮುನಿಯೂ ಒಬ್ಬರನ್ನೊಬ್ಬರು ಮೆಚ್ಚಿ ಫೋನಿನಲ್ಲೇ ಎಲ್ಲವನ್ನೂ ನಿಶ್ಚಯಿಸಿಕೊಂಡಿದ್ದರು. ಇನ್ನು ಅಪ್ಪನ ಮಾತೊಂದು ಬಾಕಿ. ಆ ಗುರುವಾರ ಸಂಜೆ ಹಾಲೇಶಪ್ಪನವರು ದೇವರ ಮುಂದೆ ಗಂಟೆ ಬಾರಿಸಿ, ಸಕ್ಕರೆ ಹಂಚಿ, ಮಾತು ಕೊಡುವವರಿದ್ದರು. ಕೊಡದಿದ್ದರೆ ಭಾನುವಾರ ಬರಲು ಹಾವೇರಿಯ ವರನೊಬ್ಬ ಅಂಗಿಗೆ ಇಸ್ತ್ರಿ ಮಾಡಿಸಿ ಇಟ್ಟುಕೊಂಡಿದ್ದ.

ಗುರುವಾರ ಬೆಳಿಗ್ಗೆ ರುದ್ರಮುನಿ ತನ್ನ ಸಂಕಟವನ್ನು ಮಗ್ಗುಲ ಮನೆಯ ಮನೋಹರನಿಗೆ ಹೇಳಿಕೊಂಡ. ಮನೋಹರ ಹಾವೇರಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುವವನು. ಹಸಿದ ಬೆಕ್ಕಿಗೆ ಹಾಲಿನ ವಾಸನೆ ಬಡಿದಂತೆ ಆ ಸೀನಿನ ಸುದ್ದಿಗೆ ಅರಳಿದ. ರಷ್ಯಾದ ಪಂಡಿತನೊಬ್ಬ ನಾಯಿಗಳಿಗೆ ಸದ್ದು ಕೇಳಿಸಿ ಅನ್ನ ಹಾಕುತ್ತ ಬಂದುದನ್ನೂ, ಕೊನೆಗೆ ಬರೀ ಸದ್ದಿಗೇ ಅವು ಜೊಲ್ಲು ಸುರಿಸಿದುದನ್ನೂ ವಿವರಿಸಿದ.

“ನಿನಗ ರೋಗ ಇಲ್ಲೋ ಮಾರಾಯ, ನಿನ್ನ ಮೂಗಿಗೆ ಪಾಠ ಆಗೇತಿ,” ಎಂದ. “ಗಂಟಿ ಆತಂದ್ರ ಘಾಟ ಬಂತು ಅಂತ ಅದು ತಿಳಕೊಂಡೈತಿ. ಗಂಟಿ ಬಾರಿಸಿಕೋಂತ ಹೋಗೂಣು, ಘಾಟ ಕೊಡೂದು ಬ್ಯಾಡ. ತಾನ ಮರೀತೈತಿ.”

ರುದ್ರಮುನಿಯನ್ನು ಸಾಕಿ ಬೆಳೆಸಿದ ಸೋದರತ್ತೆ ಪ್ರೇಮವ್ವನಿಗೆ ಈ ಶಾಸ್ತ್ರ ರುಚಿಸಲಿಲ್ಲ.

“ಮರೀಲಿಲ್ಲಂದ್ರ? ನೀ ಹಾಲೇಶಪ್ಪನ ಮುಂದ ಕರೀ ಹಲಗಿ ಇಟ್ಟು ನಾಯೀ ಕತಿ ಹೇಳಾಂವ ಏನು?”

ಆಕೆಯ ಬಳಿ ಬೇರೆಯೇ ಉಪಾಯವಿತ್ತು. ಹುಡುಗ ಒಂದು ಸೀನಿದರೆ ಬೆನ್ನಿಗೇ ತಾನೊಂದು ಸೀನಿ ಜೋಡಿ ಮಾಡಿಬಿಡುವುದು. ಎದುರುಮನೆಯ ಮುದುಕವ್ವನಿಂದ ನಶ್ಯದ ಡಬ್ಬಿ ಬಂತು. ಜನ್ಮದಲ್ಲಿ ನಶ್ಯ ಮುಟ್ಟದ ಪ್ರೇಮವ್ವನಿಗೆ ಒಂದು ಚಿಟಿಕೆ ಸಾಕಾಗಿತ್ತು.

ಹೀಗೆ ಎರಡೂ ಶಾಸ್ತ್ರಗಳ ಅಭ್ಯಾಸ ಒಂದೇ ಪಡಸಾಲೆಯಲ್ಲಿ ನಡೆಯಿತು. ಮನೋಹರ ಗಂಟೆ ಬಾರಿಸುವನು, ರುದ್ರಮುನಿ ಸೀನುವನು, ಪ್ರೇಮವ್ವ ಚಿಟಿಕೆ ಏರಿಸಿ ಸೀನುವಳು. ತನ್ನದು ತಡವಾಗಬಾರದೆಂದು ಆಕೆ ಗಂಟೆಯ ಸದ್ದಿಗೇ ಚಿಟಿಕೆ ಏರಿಸತೊಡಗಿದಳು. ಪೂಜೆ ನಡೆದಿದೆಯೆಂದು ಓಣಿಯ ಜನ ಕೈಯೊಡ್ಡಿಕೊಂಡು ಬಂದರು. ಪ್ರಸಾದ ಸಿಗದೆ ಸಲಹೆ ಕೊಟ್ಟರು. ಮೂಗಿಗೆ ತುಪ್ಪ ಬಿಡಿರೆಂದು ಒಬ್ಬರು, ಕಿವಿಗೆ ಹತ್ತಿ ತುರುಕಿರೆಂದು ಇನ್ನೊಬ್ಬರು. ಹತ್ತಿಯ ಸಲಹೆ ಸರಿಯಾದದ್ದೇ. ಆದರೆ ಅದರಲ್ಲಿ ಶಾಸ್ತ್ರವಿಲ್ಲವೆಂದು ಮನೋಹರ ತಳ್ಳಿಹಾಕಿದ.

ಮಧ್ಯಾಹ್ನದ ಹೊತ್ತಿಗೆ ಸೋಜಿಗವೇ ಜರುಗಿತು. ರುದ್ರಮುನಿಯ ಸೀನು ಮೊದಲು ಮೆತ್ತಗಾಯಿತು, ಆಮೇಲೆ ಬರೀ ಮೂಗರಳಿಕೆಯಾಯಿತು, ಕೊನೆಗೆ ಪೂರ್ತಿ ನಿಂತಿತು. ವರ್ಷಗಟ್ಟಲೆ ಕಲಿತದ್ದನ್ನು ಅರ್ಧ ದಿನದಲ್ಲಿ ತ್ಯಜಿಸಿದ ಆ ಮೂಗಿನ ವೈರಾಗ್ಯಕ್ಕೆ ಋಷಿಗಳೂ ತಲೆದೂಗಬೇಕು. ಪ್ರೇಮವ್ವ ಮಾತ್ರ ಬಸ್ಸಿನ ಹೊತ್ತಿನವರೆಗೂ ಗಂಟೆಯ ಸದ್ದಿಗೊಂದು ಚಿಟಿಕೆಯನ್ನು ತಪ್ಪಿಸಲಿಲ್ಲ.

ಮೂವರೂ ರಾಣೆಬೆನ್ನೂರಿಗೆ ಬಂದಿಳಿದರು. ಪ್ರೇಮವ್ವ ಹೂವು ಕೊಳ್ಳಲು ಅತ್ತ ಹೋದಾಗ ನಿಲ್ದಾಣದಲ್ಲಿ ಐಸ್‌ಕ್ಯಾಂಡಿ ಗಾಡಿಯ ಗಂಟೆ ಮೊಳಗಿತು. ರುದ್ರಮುನಿ ಉಸಿರು ಬಿಗಿಹಿಡಿದು ನಿಂತ. ಮೂಗು ಮಗುವಿನಂತೆ ಮಲಗಿತ್ತು. ಆನಂದದಿಂದ ಅವನು, ಹೂವು ಕೊಂಡು ಮರಳಿದ ಅತ್ತೆಯ ಕೈಯಿಂದ ನಶ್ಯದ ಡಬ್ಬಿ ಕಸಿದುಕೊಂಡು, ಇನ್ನು ಇದರ ಅಗತ್ಯವಿಲ್ಲವೆಂದು ಚರಂಡಿಗೆ ಎಸೆದ.

ಹಾಲೇಶಪ್ಪನವರ ಮನೆಯಲ್ಲಿ ಉಪಚಾರ ಭರ್ಜರಿಯಾಗಿತ್ತು. ಬಾಗಿಲ ಮರೆಯಿಂದ ಭುವನಾ ರುದ್ರಮುನಿಯ ಮೂಗನ್ನೇ ನೋಡುತ್ತಿದ್ದಳು. ಹಾಲೇಶಪ್ಪನವರು ದೇವರ ಮುಂದೆ ನಿಂತು, ಕಣ್ಣು ಮುಚ್ಚಿ, ಗಂಟೆ ಬಾರಿಸಿದರು.

ರುದ್ರಮುನಿ ಸೀನಲಿಲ್ಲ.

ಪ್ರೇಮವ್ವ ಸೀನಿದಳು.

ನಶ್ಯವಿಲ್ಲ, ಶೀತವಿಲ್ಲ, ಎದುರು ಗೋಡೆಯ ಕ್ಯಾಲೆಂಡರ್ ಅಲುಗಾಡುವಂಥ ಸೀನು. ಅರವತ್ತು ದಾಟಿದ ಮೇಲೂ ಒಂದೇ ದಿನದಲ್ಲಿ ಹೊಸ ವಿದ್ಯೆ ಸಾಧಿಸಿದ ಆ ಹೆಂಗಸನ್ನು ಮೆಚ್ಚಬೇಕಾದವನು ಮನೋಹರ. ಅವನು ನೆಲ ನೋಡುತ್ತ ಕುಳಿತ.

ಹಾಲೇಶಪ್ಪನವರು ಕಣ್ಣು ತೆರೆದು ಕಾದರು. ಪಾಪ, ಅವರಿಗೂ ಮಗಳ ಮೇಲೆ ಮಮತೆಯಿತ್ತು; ಇನ್ನೊಂದು ಬಂದರೆ ಸಾಕಿತ್ತು. ಪ್ರೇಮವ್ವ ಸೋದರಳಿಯನ ಪಕ್ಕೆ ತಿವಿದಳು.

“ಸೀನೋ ತಮ್ಮಾ,” ಎಂದು ಪಿಸುಗುಟ್ಟಿದಳು. “ಲಗೂನ ಸೀನು.”

ರುದ್ರಮುನಿ ಬಾಯಿ ತೆರೆದ, ಕಣ್ಣು ಕಿರಿದಾಗಿಸಿದ, ಮೂಗನ್ನು ಆಕಾಶಕ್ಕೆತ್ತಿದ. ಆದರೆ ಬೇಡಿದಾಗ ಬಾರದ ಮಳೆಯಂತೆ ಸೀನು ಬಾರದೇ ಹೋಯಿತು. ಒಳಗಿದ್ದ ಭುವನಾ ಇನ್ನು ತಡೆಯಲಾರದೆ ಧಾವಿಸಿ ಬಂದು ಗಂಟೆಯನ್ನು ತಾನೇ ಎತ್ತಿ ಬಾರಿಸಿದಳು. ಅವನ ಮೂಗಿನ ಹಳೆಯ ಭಕ್ತಿಯ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಪ್ರೇಮವ್ವ ಮತ್ತೊಮ್ಮೆ ಸೀನಿದಳು.

“ಎರಡ ಆದುವು, ಜೋಡಿ ಆತರಿ,” ಎಂದ ಮನೋಹರ.

ಹಾಲೇಶಪ್ಪನವರು ಸಕ್ಕರೆಯ ತಟ್ಟೆಯನ್ನು ಮೆಲ್ಲನೆ ಮುಚ್ಚಿದರು. “ಒಂದ ಗಂಟಿಗೆ ಎರಡ ಬಂದ್ರ ಜೋಡಿ ಅಂತಾರ, ಮಾಸ್ತರ. ಇವು ಜೋಡಿ ಅಲ್ಲ. ಎರಡು ಒಂಟಿ ಸೀನು. ಭಾನುವಾರ ಹಾವೇರಿಯವರು ಬರಲಿ, ನೋಡೂಣು.”

ಅತ್ತೆಯೂ ಮನೋಹರನೂ ಮುಖ ಮುಚ್ಚಿಕೊಂಡು ಸಿಕ್ಕ ಬಸ್ಸು ಹತ್ತಿ ಊರಿಗೆ ಹೊರಟರು. ರುದ್ರಮುನಿ ಮಾತ್ರ ಓಣಿಯ ತಿರುವಿನಲ್ಲಿ ಕಂಬದಂತೆ ನಿಂತ. ಸ್ವಲ್ಪ ಹೊತ್ತಿನಲ್ಲಿ ಭುವನಾ ಹಾಲು ತರುವ ನೆವದಿಂದ ಬಂದಳು. ಅಳುತ್ತಿರಲಿಲ್ಲ. ದಿನವೂ ಸೂಜಿ ಹಿಡಿಯುವವರ ಕೈಯಂತೆ ಅವಳ ಮಾತೂ ಸ್ಥಿರವಾಗಿತ್ತು.

“ಭಾನುವಾರ ಹಾವೇರಿಯವರು ಬರೂ ಹೊತ್ತಿಗೆ ನಿಮ್ಮ ಅತ್ತೀನ್ನ ನಮ್ಮ ಮನಿಗೆ ಕಳಸ್ರಿ,” ಎಂದಳು. “ತಪ್ಪಾತು ಅಂತ ಹೇಳಾಕ ಬಂದೇನಿ ಅನ್ಲಿ. ಒಂದು ಮೂಲ್ಯಾಗ ಕುಂದ್ರಲಿ. ಅಪ್ಪ ಗಂಟಿ ಬಾರಿಸೇ ಬಾರಿಸ್ತಾನ.”

ರುದ್ರಮುನಿ ಬೆರಗುಗೊಂಡು ಅವಳನ್ನು ನೋಡಿದ. ಇಂಥ ಬುದ್ಧಿವಂತೆಯನ್ನು ಪಡೆಯಲು ಮೂಗನ್ನೇ ಅರ್ಪಿಸಬಹುದು ಎನ್ನಿಸಿತು. ಸಂತೋಷಕ್ಕೆ ಬಸ್ಸಿನಲ್ಲಿ ಕೂರಲೂ ಆಗದೆ ಬ್ಯಾಡಗಿಯವರೆಗೂ ನಿಂತೇ ಬಂದ.

ಮನೆಯ ಹತ್ತಿರ ಬರುತ್ತಿದ್ದಂತೆ ಗಂಟೆಯ ನಾದ ಕೇಳಿಸಿತು. ಓಡಿದ. ಪಡಸಾಲೆಯಲ್ಲಿ ಮನೋಹರ ಬೆವರು ಸುರಿಸುತ್ತ ಗಂಟೆ ಬಾರಿಸುತ್ತಿದ್ದ. ಎದುರಿಗೆ ಪ್ರೇಮವ್ವ ತಪಸ್ವಿನಿಯಂತೆ ಕುಳಿತಿದ್ದಳು.

“ಬಾರೋ ತಮ್ಮಾ,” ಎಂದಳು ಹೆಮ್ಮೆಯಿಂದ. “ನನ್ನಿಂದ ನಿನ್ನ ಕೆಲಸ ಕೆಟ್ಟಿತು ಅಂತ ಬಂದಾಗಿನಿಂದ ಹಟಾ ಹಿಡದು ಕುಂತೇನಿ. ನೋಡ, ಈಗ ಏನ ಬಾರಿಸಿದ್ರೂ ಒಂದೂ ಬರಂಗಿಲ್ಲ.”

ಮನೋಹರ ಬಾರಿಸಿ ತೋರಿಸಿದ. ಬರಲಿಲ್ಲ.

ಇಷ್ಟನ್ನೂ ನಾನು ಎದುರುಮನೆಯ ಮುದುಕವ್ವನ ಮಾಳಿಗೆಯ ಬಾಡಿಗೆ ಕೋಣೆಯ ಕಿಟಕಿಯಿಂದ ಕಂಡೆ. ಕಾಣದ್ದನ್ನು ಓಣಿ ಹೇಳಿತು. ಕಲಿಯುವ ಜೀವಗಳನ್ನು ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಭಾನುವಾರದವರೆಗೆ ನಿಲ್ಲುವ ಆಸೆಯಿತ್ತು; ಆದರೆ ಒಂದೇ ಊರಿನಲ್ಲಿ ಹೆಚ್ಚು ದಿನ ನಿಲ್ಲುವುದು ನನ್ನ ಕಾಲಿಗೆ ಒಗ್ಗದು. ಹಾಸಿಗೆ ಸುತ್ತಿ, ಪುಸ್ತಕಗಳನ್ನು ಚೀಲಕ್ಕೆ ತುಂಬಿ, ಬೀಗದ ಕೈಯನ್ನು ಮುದುಕವ್ವನಿಗೆ ಒಪ್ಪಿಸಿ, ಕಾಗಿನೆಲೆಯ ಬಸ್ಸು ಹಿಡಿದೆ.